ಐರ್ಲೆಂಡಿನ ಒಳಜಗಳ: ಧರ್ಮದ್ದೋ, ನೆಲದ್ದೋ, ಬ್ರಿಟಿಷರು ಹಚ್ಚಿದ್ದೋ?

ಪ್ರಶ್ನೆ: ಕೋಟೆಬೀದಿ, ಚಾಮರಾಜಪೇಟೆ

ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ಮಗಳನ್ನು ಕರೆದುಕೊಂಡು ಕೃಷ್ಣರಾಜ ಮಾರುಕಟ್ಟೆಯ ಬಳಿಯ ಕೋಟೆಗೆ ಹೋಗಿದ್ದೆ. 1791ರ ಮಾರ್ಚ್ 21ರಂದು ಬ್ರಿಟಿಷ್ ಸೈನ್ಯ ಗೋಡೆಯೊಡೆದು ಒಳನುಗ್ಗಿದ್ದನ್ನು ನೆನಪಿಸುವ ಕಲ್ಲಿನ ಫಲಕವನ್ನು ಅವಳು ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿ, ಆ ಸೈನ್ಯದ ದಂಡನಾಯಕ ಆಮೇಲೆ ಎಲ್ಲಿಗೆ ಹೋದ ಎಂದು ಕೇಳಿದಳು. ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದನೆಂಬಲ್ಲಿಗೆ ಕಾರ್ನ್‌ವಾಲಿಸನ ಬಗ್ಗೆ ನಾನು ಓದಿದ್ದ ಪಾಠ ಮುಗಿದಿತ್ತು. ಮನೆಗೆ ಬಂದು ಹುಡುಕಿದಾಗ, ಅದೇ ಕಾರ್ನ್‌ವಾಲಿಸ್ 1798ರ ಜೂನ್‌ನಲ್ಲಿ ಐರ್ಲೆಂಡಿನ ಲಾರ್ಡ್ ಲೆಫ್ಟಿನೆಂಟ್ ಆಗಿ, ಅಂದರೆ ರಾಜಪ್ರತಿನಿಧಿಯಾಗಿ, ಅಲ್ಲಿಯ ದೊಡ್ಡ ಬಂಡಾಯವನ್ನು ಅಡಗಿಸಲು ಹೋದನೆಂದು ತಿಳಿಯಿತು.

ಅಲ್ಲಿಂದ ಮುಂದೆ ಓದಿದಷ್ಟೂ ಗೊಂದಲ ಹೆಚ್ಚಾಗುತ್ತಿದೆ. ಪ್ರೊಟೆಸ್ಟಂಟರೂ ಕ್ಯಾಥೊಲಿಕರೂ ಒಂದಾಗಿ ಬ್ರಿಟಿಷರ ವಿರುದ್ಧ ಎದ್ದರೆಂದು ಒಂದು ಕಡೆ ಬರೆದಿದ್ದರೆ, ಅದೇ ಬಂಡಾಯದಲ್ಲಿ ವೆಕ್ಸ್‌ಫರ್ಡ್ ಜಿಲ್ಲೆಯ ಸ್ಕಲ್ಲಬೋಗ್ ಎಂಬಲ್ಲಿ ಪ್ರೊಟೆಸ್ಟಂಟರನ್ನು ಕಣಜದ ಮನೆಯೊಳಗೆ ಕೂಡಿ ಬೆಂಕಿಯಿಟ್ಟರೆಂದು ಇನ್ನೊಂದು ಕಡೆ ಬರೆದಿದೆ. ಎಲ್ಲಕ್ಕಿಂತ ನನ್ನನ್ನು ತಡೆದು ನಿಲ್ಲಿಸಿದ್ದು ಕಾರ್ನ್‌ವಾಲಿಸನ ಪತ್ರವೊಂದರ ಸಾರಾಂಶ. ನಮ್ಮ ಕಡೆಯವರ ಉಗ್ರತನ, ಇದನ್ನು ಧರ್ಮಯುದ್ಧವಾಗಿಸಲು ಹೊರಟಿರುವ ಅವರ ಮೂರ್ಖತನ, ಕೊಲ್ಲುವುದರಲ್ಲೇ ಸುಖ ಕಾಣುವ ನಮ್ಮ ಪಡೆಗಳ ಕ್ರೌರ್ಯ, ಇವು ರಾಜಿಯ ದಾರಿಯನ್ನೆಲ್ಲ ಮುಚ್ಚುತ್ತಿವೆ ಎಂದು ಬಂಡಾಯ ಅಡಗಿಸಲು ಹೋದವನೇ ಬರೆಯುತ್ತಾನೆ. ಹಾಗಾದರೆ ಅದು ಮೊದಲು ಧರ್ಮಯುದ್ಧವಾಗಿರಲಿಲ್ಲವೇ? ನೆರೆಹೊರೆಯವರು ಪಂಗಡದ ಹೆಸರಿನಲ್ಲಿ ಒಬ್ಬರನ್ನೊಬ್ಬರು ಕೊಲ್ಲುವ ಮಟ್ಟಕ್ಕೆ ಹೇಗೆ ಬಂದರು? ಇದು ಒಡೆದು ಆಳುವ ನೀತಿಯ ಫಲ ಎಂದು ನಾವು ಶಾಲೆಯಲ್ಲಿ ಕಲಿತ ಒಂದೇ ಮಾತಿನಲ್ಲಿ ಮಗಳಿಗೆ ಹೇಳಿಬಿಟ್ಟರೆ ಸಾಕೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ನಿವೃತ್ತ ಮೇಷ್ಟ್ರು, ಬಸವನಗುಡಿ

ಮಗುವಿನ ಪ್ರಶ್ನೆಗೆ ಹಿಂದಿನಿಂದ ಉತ್ತರ ಕಟ್ಟಿಕೊಂಡು ಬರಬೇಕಾಗುತ್ತದೆ. 1609ರಿಂದ ಐರ್ಲೆಂಡಿನ ಉತ್ತರದ ಅಲ್‌ಸ್ಟರ್ ಪ್ರಾಂತದಲ್ಲಿ ಅಲ್ಲಿಯ ಮನೆತನಗಳ ಭೂಮಿಯನ್ನು ಕಿತ್ತು, ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನಿಂದ ಪ್ರೊಟೆಸ್ಟಂಟ್ ವಲಸಿಗರನ್ನು ತಂದು ನೆಲೆಗೊಳಿಸಿದರು. 1641ರಲ್ಲಿ ನೆಲ ಕಳೆದುಕೊಂಡವರು ತಿರುಗಿಬಿದ್ದಾಗ ಸಾವಿರಾರು ವಲಸಿಗರು ಸತ್ತರು. ಪೋರ್ಟಡೌನ್‌ನಲ್ಲಿ ಸುಮಾರು ನೂರು ಮಂದಿಯನ್ನು ಸೇತುವೆಯಿಂದ ಬ್ಯಾನ್ ನದಿಗೆ ತಳ್ಳಿದ ಘಟನೆಯನ್ನು ಅಲ್ಲಿಯ ಪ್ರೊಟೆಸ್ಟಂಟರು ತಲೆಮಾರುಗಳವರೆಗೆ ಮಕ್ಕಳಿಗೆ ಹೇಳುತ್ತ ಬಂದರು. 1649ರಲ್ಲಿ ಇಂಗ್ಲೆಂಡಿನ ಸೇನಾನಾಯಕ ಕ್ರಾಮ್‌ವೆಲ್ ಬಂದು ಡ್ರೋಹೆಡಾ ಮತ್ತು ವೆಕ್ಸ್‌ಫರ್ಡ್ ಪಟ್ಟಣಗಳಲ್ಲಿ ನಡೆಸಿದ ಕಗ್ಗೊಲೆಯನ್ನು ಕ್ಯಾಥೊಲಿಕರು ಅದೇ ರೀತಿ ಹೇಳುತ್ತ ಬಂದರು. ಆದ್ದರಿಂದ ಭಯ ಎರಡೂ ಮನೆಗಳಲ್ಲಿತ್ತು, ಎರಡಕ್ಕೂ ಕಾರಣವಿತ್ತು. ಇದನ್ನು ಬಿಟ್ಟು ಎಲ್ಲವೂ ಲಂಡನ್ನಿನಲ್ಲಿ ಹೆಣೆದ ಸಂಚು ಎಂದರೆ ಸತ್ತವರಿಗೆ ಅನ್ಯಾಯ ಮಾಡಿದಂತಾಗುತ್ತದೆ.

ಆದರೆ ಹಳೆಯ ಭಯವೊಂದೇ ನೂರೈವತ್ತು ವರ್ಷ ಉರಿಯುವುದಿಲ್ಲ. ಅದಕ್ಕೆ ಎಣ್ಣೆ ಹೊಯ್ದದ್ದು ಕಾನೂನು. 1690ರ ಬಾಯ್ನ್ ನದಿಯ ಯುದ್ಧದಲ್ಲಿ ಪ್ರೊಟೆಸ್ಟಂಟ್ ದೊರೆ ವಿಲಿಯಂ ಗೆದ್ದ ಮೇಲೆ, ಡಬ್ಲಿನ್ನಿನ ಸಂಸತ್ತು ಕ್ಯಾಥೊಲಿಕರ ಮೇಲೆ ಒಂದರ ಹಿಂದೊಂದು ದಂಡನಾ ಕಾಯ್ದೆಗಳನ್ನು ಹೇರಿತು. ಕ್ಯಾಥೊಲಿಕನು ಆಯುಧ ಇಟ್ಟುಕೊಳ್ಳುವಂತಿಲ್ಲ. 5 ಪೌಂಡಿಗಿಂತ ಹೆಚ್ಚು ಬೆಲೆಯ ಕುದುರೆ ಇಟ್ಟುಕೊಳ್ಳುವಂತಿಲ್ಲ. ಇಟ್ಟುಕೊಂಡರೆ ಯಾವ ಪ್ರೊಟೆಸ್ಟಂಟನಾದರೂ 5 ಪೌಂಡ್ 5 ಶಿಲ್ಲಿಂಗ್ ಕೈಗಿಟ್ಟು ಅದನ್ನು ಬಿಚ್ಚಿಕೊಂಡು ಹೋಗಬಹುದು. 1704ರ ಕಾಯ್ದೆಯಂತೆ ಅವನು ಜಮೀನು ಕೊಳ್ಳುವಂತಿಲ್ಲ, 31 ವರ್ಷಕ್ಕಿಂತ ದೀರ್ಘವಾದ ಗೇಣಿ ಪಡೆಯುವಂತಿಲ್ಲ. ಅವನು ಸತ್ತರೆ ಆಸ್ತಿ ಗಂಡುಮಕ್ಕಳೆಲ್ಲರಿಗೂ ಸಮಪಾಲಾಗಿ ಒಡೆಯಬೇಕು. ಹಿರಿಯ ಮಗ ಸರ್ಕಾರಿ ಚರ್ಚಿಗೆ ಸೇರಿದರೆ ಮಾತ್ರ ಇಡೀ ಆಸ್ತಿ ಅವನೊಬ್ಬನದು. ಅಣ್ಣತಮ್ಮಂದಿರ ಪಾಲುಪಟ್ಟಿಯ ಜಗಳ ನೋಡಿ ಬೆಳೆದ ನಮಗೆ ಈ ಒಂದು ಕಲಮು ಮನೆಯೊಳಗೆ ಏನು ಮಾಡಿರಬಹುದೆಂದು ಬಿಡಿಸಿ ಹೇಳಬೇಕಾಗಿಲ್ಲ. ತರಗತಿಯಲ್ಲಿ ನಾನು ಇದನ್ನು ಹೇಳಿದಾಗಲೆಲ್ಲ ಹಳ್ಳಿಯಿಂದ ಬಂದ ಹುಡುಗರು ತಟ್ಟನೆ ತಲೆಯೆತ್ತುತ್ತಿದ್ದರು.

1641ರಲ್ಲಿ ದೇಶದ ಭೂಮಿಯಲ್ಲಿ ಕ್ಯಾಥೊಲಿಕ್ ಒಡೆಯರ ಪಾಲು ನೂರಕ್ಕೆ 59ರಷ್ಟಿತ್ತು. 1703ರ ಹೊತ್ತಿಗೆ ಅದು 14ಕ್ಕೆ ಇಳಿಯಿತು, 1776ರ ಹೊತ್ತಿಗೆ 5ರ ಆಸುಪಾಸಿಗೆ. 1728ರಲ್ಲಿ ಮತದಾನದ ಹಕ್ಕೂ ಹೋಯಿತು. ಜನಸಂಖ್ಯೆಯಲ್ಲಿ ಬಹುಪಾಲು ಇವರೇ ಇದ್ದ ದೇಶ ಅದು. ಇದರ ಮೇಲೆ, ತಾವು ಕಾಲಿಡದ ಪ್ರೊಟೆಸ್ಟಂಟ್ ಚರ್ಚಿನ ಪಾದ್ರಿಗೆ ಬೆಳೆಯಲ್ಲಿ ದಶಾಂಶ, ಅಂದರೆ ಹತ್ತರಲ್ಲೊಂದು ಪಾಲು, ಕೊಡಬೇಕಿತ್ತು. ಆ ದಶಾಂಶದ ಜಗಳ ಎಷ್ಟು ಕಾಲ ನಡೆಯಿತೆಂದರೆ, 1834ರ ಡಿಸೆಂಬರಿನಲ್ಲಿ ಕಾರ್ಕ್ ಜಿಲ್ಲೆಯ ರಾತ್‌ಕಾರ್ಮಕ್ ಬಳಿ ವಿಧವೆಯೊಬ್ಬಳು ಬಾಕಿ ಉಳಿಸಿಕೊಂಡಿದ್ದ 40 ಶಿಲ್ಲಿಂಗ್ ವಸೂಲಿಗೆ ಪಾದ್ರಿ ಸೈನಿಕರನ್ನು ಕರೆತಂದ. ಅವಳ ಹೊಲಮನೆಯ ಅಂಗಳದಲ್ಲಿ ಗುಂಡು ಹಾರಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಇದನ್ನು ಧರ್ಮದ ಜಗಳ ಎನ್ನುವಿರೋ, ಕಂದಾಯದ ಜಗಳ ಎನ್ನುವಿರೋ? ನೆಲ, ಗೇಣಿ, ಆಯುಧ, ಮತ, ಕೊನೆಗೆ ಕುದುರೆಯನ್ನೂ ಕಾನೂನು ಧರ್ಮದ ಗೂಟಕ್ಕೆ ಕಟ್ಟಿದ ಮೇಲೆ, ಯಾವ ಜಗಳ ಹುಟ್ಟಿದರೂ ಅದು ಧರ್ಮದ ಮಾತಿನಲ್ಲೇ ಹೊರಬರುತ್ತದೆ. ನನ್ನ ಉತ್ತರದ ತಿರುಳು ಇದೇ.

ಇನ್ನೊಂದು ಮಾತನ್ನು ಮರೆಯಬಾರದು. ಉತ್ತರದ ಸ್ಕಾಟಿಷ್ ಮೂಲದ ಪ್ರೆಸ್ಬಿಟೀರಿಯನ್ನರು ಪ್ರೊಟೆಸ್ಟಂಟರೇ ಆದರೂ ಸರ್ಕಾರಿ ಚರ್ಚಿನವರಲ್ಲ; 1704ರ ಅದೇ ಕಾಯ್ದೆ ಅವರನ್ನೂ ಸರ್ಕಾರಿ ಹುದ್ದೆಗಳಿಂದ ಹೊರಗಿಟ್ಟಿತು, ದಶಾಂಶವನ್ನು ಅವರೂ ತೆರಬೇಕಿತ್ತು. ಬೆಂಗಳೂರು ಕೋಟೆ ಬಿದ್ದ 1791ರಲ್ಲೇ, ಅಕ್ಟೋಬರ್ ತಿಂಗಳಲ್ಲಿ, ಬೆಲ್‌ಫಾಸ್ಟ್‌ನಲ್ಲಿ ‘ಯುನೈಟೆಡ್ ಐರಿಷ್‌ಮೆನ್’ ಎಂಬ, ಮುಂದೆ 1798ರ ಬಂಡಾಯ ಎಬ್ಬಿಸಿದ ಸಂಘವನ್ನು ಕಟ್ಟಿದವರಲ್ಲಿ ಇವರೇ ಮುಂದೆ ನಿಂತರು. ಎಲ್ಲ ಪಂಗಡಗಳನ್ನೂ ಐರಿಷರೆಂಬ ಒಂದೇ ಹೆಸರಿನಡಿ ತರಬೇಕೆಂದು ಹಂಬಲಿಸಿದ ಆ ಸಂಘದ ಮುಂದಾಳು ವುಲ್ಫ್ ಟೋನ್ ಆಂಗ್ಲಿಕನ್, ಅಂದರೆ ಸರ್ಕಾರಿ ಚರ್ಚಿನವನು.

ಉತ್ತರ: ಮಗ್ಗದ ಮನೆ, ಕಬ್ಬನ್‌ಪೇಟೆ

ಮೇಷ್ಟ್ರು ಕಾನೂನಿನ ಕಡೆಯಿಂದ ಹೇಳಿದರು, ನಾನು ಮಗ್ಗದ ಕಡೆಯಿಂದ ಹೇಳುತ್ತೇನೆ. ನಮ್ಮದು ತಲೆಮಾರುಗಳಿಂದ ನೇಯ್ಗೆಯ ಮನೆ. ಆರ್ಮಾ ಜಿಲ್ಲೆಯ ನೇಕಾರರ ಕಥೆಯನ್ನು ನಾನು ಮೊದಲ ಬಾರಿ ಓದಿದಾಗ ಎರಡು ದಿನ ಮನಸ್ಸಿಗೆ ನೆಮ್ಮದಿ ಇರಲಿಲ್ಲ.

ಆರ್ಮಾ ಜಿಲ್ಲೆಯ ಉತ್ತರಭಾಗ ಲಿನನ್ ನೇಯ್ಗೆಯ ಸೀಮೆ. ಹೊಲದಲ್ಲಿ ಅಗಸೆ ಬೆಳೆದು, ನಾರು ತೆಗೆದು, ಹೆಂಗಸರು ರಾಟೆಯಲ್ಲಿ ನೂಲು ತೆಗೆದರೆ ಗಂಡಸರು ಮನೆಯಲ್ಲೇ ನೇಯುತ್ತಿದ್ದರು. ಜಿಲ್ಲೆಯ ಜನ ಮೂರು ಸಮಪಾಲಿನಂತೆ ಆಂಗ್ಲಿಕನ್ನರು, ಪ್ರೆಸ್ಬಿಟೀರಿಯನ್ನರು, ಕ್ಯಾಥೊಲಿಕರು. ಒಂದೆರಡು ಎಕರೆ ಗೇಣಿ ನೆಲ, ಒಂದು ಮಗ್ಗ, ಇಷ್ಟಿದ್ದರೆ ಸಂಸಾರ ನಡೆಯುತ್ತಿತ್ತು, ಆದ್ದರಿಂದ ಆ ಒಂದೆರಡು ಎಕರೆಗೆ ಪೈಪೋಟಿ ಬಿತ್ತು. ಕಾಯ್ದೆಗಳು ಸಡಿಲವಾಗುತ್ತ ಬಂದಂತೆ ಕ್ಯಾಥೊಲಿಕ್ ನೇಕಾರರೂ ಗೇಣಿಗೆ ಮುಂದೆ ಬಂದರು. ಅವರು ಹೆಚ್ಚು ಗೇಣಿ ಕೂಗಿ ನಮ್ಮ ನೆಲ ಕಿತ್ತುಕೊಳ್ಳುತ್ತಾರೆ, ಜೊತೆಗೆ ಕದ್ದುಮುಚ್ಚಿ ಬಂದೂಕನ್ನೂ ಕೂಡಿಡುತ್ತಿದ್ದಾರೆ ಎಂದು ಬಡ ಪ್ರೊಟೆಸ್ಟಂಟ್ ನೇಕಾರರು ಗುಲ್ಲೆಬ್ಬಿಸಿದರು. ಗೇಣಿ ಏರಿಸಿ ಲಾಭ ಕಂಡವನು ಜಮೀನ್ದಾರ, ಆದರೆ ಅವನ ಬಾಗಿಲಿಗೆ ಯಾರೂ ಹೋಗಲಿಲ್ಲ.

ಗಮನಿಸಬೇಕಾದದ್ದು ಏನೆಂದರೆ, 1784ರಲ್ಲಿ ಮಾರ್ಕೆಟ್‌ಹಿಲ್ ಊರಿನ ಬಳಿ ಶುರುವಾದ ಜಗಳ ಇಬ್ಬರು ಪ್ರೆಸ್ಬಿಟೀರಿಯನ್ನರ ಕೈಕೈ ಮಿಲಾವಣೆ. ಅಲ್ಲಿದ್ದ ಒಬ್ಬ ಕ್ಯಾಥೊಲಿಕ ಒಬ್ಬನ ಪಕ್ಷ ವಹಿಸಿದ, ಅಷ್ಟೇ. ಮೊದಮೊದಲ ಗುಂಪುಗಳಲ್ಲಿ ಎರಡೂ ಪಂಗಡದವರು ಬೆರೆತಿದ್ದರು. ಕೆಲವೇ ವರ್ಷಗಳಲ್ಲಿ ಗುಂಪುಗಳು ಸೋಸಿ ಬೇರೆಯಾದವು. ನಸುಕಿನಲ್ಲಿ ಆಯುಧ ಹುಡುಕುವ ನೆಪದಲ್ಲಿ ಕ್ಯಾಥೊಲಿಕರ ಮನೆಗೆ ನುಗ್ಗುತ್ತಿದ್ದ ಪ್ರೊಟೆಸ್ಟಂಟ್ ಗುಂಪಿಗೆ ‘ಪೀಪ್ ಓ ಡೇ ಬಾಯ್ಸ್’ ಎಂದು ಹೆಸರು ಬಿತ್ತು, ಎದುರಿನವರು ‘ಡಿಫೆಂಡರ್ಸ್’ ಎಂದು ಕಟ್ಟಿಕೊಂಡರು.

ನುಗ್ಗಿದವರು ಮಾಡುತ್ತಿದ್ದ ಕೆಲಸವೆಂದರೆ ಮಗ್ಗ ಮುರಿಯುವುದು, ಹಾಸು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಎಳೆದು ಕಟ್ಟಿದ ನೂಲು, ಕತ್ತರಿಸುವುದು. ಇದರ ಅರ್ಥ ನೇಯ್ದವರಿಗೆ ಗೊತ್ತು. ನಮ್ಮ ತಾತನ ಗುಂಡಿಮಗ್ಗದಲ್ಲಿ ಒಮ್ಮೆ ಇಲಿ ಹಾಸು ಕಡಿದಿತ್ತು. ಒಂದು ಅಂಗೈಯಷ್ಟಗಲದ ಜಾಗ ಮಾತ್ರ. ಅಜ್ಜಿ ದೀಪ ಹತ್ತಿರ ಇಟ್ಟುಕೊಂಡು, ಬೆರಳಿಗೆ ಬೂದಿ ಸವರಿಕೊಂಡು, ಎಳೆ ಹುಡುಕಿ ಎಳೆಗೆ ಗಂಟು ಹಾಕುತ್ತ ರಾತ್ರಿಯೆಲ್ಲ ಕೂತಿದ್ದನ್ನು ಅಪ್ಪ ಹೇಳುತ್ತಿದ್ದರು. ಹಾಸಿನ ನೂಲು ಸಾಲ ತಂದದ್ದು, ಬಟ್ಟೆ ಇಳಿದ ಮೇಲೆ ತೀರಿಸಬೇಕಾದದ್ದು. ಇಡೀ ಹಾಸನ್ನೇ ಚಾಕುವಿನಿಂದ ಅಡ್ಡಲಾಗಿ ಸೀಳಿ ಮಗ್ಗದ ಮರವನ್ನೂ ಮುರಿದು ಹೋದರೆ ಆ ಮನೆ ಆ ಊರಿನಲ್ಲಿ ಇನ್ನು ಬದುಕುವಂತಿಲ್ಲ. ಕೊಲ್ಲದೆ ಓಡಿಸುವ ದಾರಿ ಅದು, ಮತ್ತು ಅದು ಯಾರಿಗೆ ಹೊಳೆಯುತ್ತದೆ ಹೇಳಿ? ಇನ್ನೊಬ್ಬ ನೇಕಾರನಿಗೇ. ನನ್ನನ್ನು ಕಾಡಿದ್ದು ಇದೇ.

1795ರ ಸೆಪ್ಟೆಂಬರ್ 21ರಂದು ಲಾಫ್‌ಗಾಲ್ ಊರಿನ ಹತ್ತಿರದ ಡೈಮಂಡ್ ಎಂಬ ಕೂಡುರಸ್ತೆಯಲ್ಲಿ ಎರಡು ಗುಂಪುಗಳೂ ಹೊಡೆದಾಡಿ, ಡಿಫೆಂಡರ್ ಕಡೆಯ ಹಲವರು ಗುಂಡಿಗೆ ಬಲಿಯಾದರು. ಬಾಯ್ನ್ ಯುದ್ಧದ ವಿಲಿಯಂನ ಮನೆತನದ ಹೆಸರಿನಲ್ಲಿ ‘ಆರೆಂಜ್ ಆರ್ಡರ್’ ಎಂಬ ಸಂಘ ಹುಟ್ಟಿದ್ದು ಆ ಹೊಡೆದಾಟದ ಬೆನ್ನಿಗೇ. ಆಮೇಲಿನ ತಿಂಗಳುಗಳಲ್ಲಿ ನರಕಕ್ಕಾದರೂ ಹೋಗಿ, ಇಲ್ಲವೇ ಕಾನಾಕ್ಟ್‌ಗೆ ಹೋಗಿ ಎಂಬ ಚೀಟಿಗಳು ಕ್ಯಾಥೊಲಿಕರ ಬಾಗಿಲಿಗೆ ಅಂಟಿದವು. ಕಾನಾಕ್ಟ್ ಎಂದರೆ ಪಶ್ಚಿಮದ ಬಡಪ್ರಾಂತ. ಸುಮಾರು 7,000 ಮಂದಿ ಮನೆ ಬಿಟ್ಟರೆಂದು ಹೇಳುತ್ತಾರೆ. ಆ ಡಿಸೆಂಬರಿನಲ್ಲಿ ಜಿಲ್ಲೆಯ ಗವರ್ನರ್ ಲಾರ್ಡ್ ಗಾಸ್‌ಫರ್ಡ್, ತಾನು ಪ್ರೊಟೆಸ್ಟಂಟನೇ ಆಗಿದ್ದರೂ, ಮ್ಯಾಜಿಸ್ಟ್ರೇಟರನ್ನು ಸೇರಿಸಿ, ಈ ಜನರ ಮೇಲಿರುವ ಏಕೈಕ ಆರೋಪ ಇವರು ಕ್ಯಾಥೊಲಿಕರೆಂಬುದು ಮಾತ್ರ, ನೀವು ಕೈಕಟ್ಟಿ ಕೂತಿದ್ದೀರಿ ಎಂಬ ಅರ್ಥದ ಮಾತುಗಳನ್ನು ಅವರೆದುರಿಗೇ ಆಡಿದ.

ಉತ್ತರ: ವಕೀಲ, ಗಾಂಧಿನಗರ

ಮೇಷ್ಟ್ರ ಮೇಲಿನ ಗೌರವದಿಂದಲೇ ಒಂದು ಭಿನ್ನಾಭಿಪ್ರಾಯ ದಾಖಲಿಸುತ್ತೇನೆ. ಒಡೆದು ಆಳುವ ನೀತಿ ಎಂಬ ಮಾತನ್ನು ಅಷ್ಟು ಸುಲಭವಾಗಿ ಬದಿಗಿಡಬೇಡಿ. ಗಾಸ್‌ಫರ್ಡ್ ಭಾಷಣ ಮಾಡಿದ ಮುಂದಿನ ವರ್ಷ, 1796ರಲ್ಲಿ, ಸರ್ಕಾರ ತಂದ ಎರಡು ಕಾಯ್ದೆಗಳನ್ನು ನೋಡಿ. ಗುಪ್ತಸಂಘದ ಪ್ರಮಾಣವಚನ ಬೋಧಿಸುವವನಿಗೆ ಮರಣದಂಡನೆ ಎಂದು ಒಂದು ಹೇಳಿತು. ಶಾಂತಿ ಕಾಪಾಡುವ ಹೆಸರಿನಲ್ಲಿ ಕಾನೂನು ಮೀರಿ ನಡೆದ ಮ್ಯಾಜಿಸ್ಟ್ರೇಟರ ಮೇಲೆ ದಾವೆ ಹೂಡುವಂತಿಲ್ಲ ಎಂದು ಇನ್ನೊಂದು ಹೇಳಿತು. ಕೋರ್ಟಿನಲ್ಲಿ ದಿನ ಕಳೆಯುವ ನನಗೆ ಎರಡನೆಯದೇ ಹೆಚ್ಚು ಭಯಂಕರವಾಗಿ ಕಾಣುತ್ತದೆ, ಏಕೆಂದರೆ ಮಗ್ಗ ಮುರಿಸಿಕೊಂಡವನು ದೂರು ಕೊಡಲು ಹೋಗಬೇಕಾದದ್ದು ಅದೇ ಮ್ಯಾಜಿಸ್ಟ್ರೇಟರ ಬಳಿಗೆ. ಅದೇ ವರ್ಷದ ಅಕ್ಟೋಬರಿನಲ್ಲಿ ಸ್ಥಳೀಯ ಸ್ವಯಂಸೇವಕರ ‘ಯೋಮನ್ರಿ’ ಪಡೆ ಕಟ್ಟಿದರು, ಅದರಲ್ಲಿ ಬಹುಪಾಲು ಪ್ರೊಟೆಸ್ಟಂಟರು, ಉತ್ತರದಲ್ಲಂತೂ ಆರೆಂಜ್ ಸಂಘದವರೇ ಸಾಲುಸಾಲಾಗಿ ಸೇರಿದರು. ನೆನ್ನೆ ರಾತ್ರಿ ಬಾಗಿಲು ಮುರಿದವನು ಇವತ್ತು ಬೆಳಿಗ್ಗೆ ರಾಜನ ಸಮವಸ್ತ್ರದಲ್ಲಿ ನಿಂತ ಹಾಗೆ.

1797ರಲ್ಲಿ ಅಲ್‌ಸ್ಟರಿನಲ್ಲಿದ್ದ ಜನರಲ್ ನಾಕ್ಸ್ ಎಂಬ ಸೇನಾಧಿಕಾರಿ, ಆರೆಂಜಿನವರಿಗೂ ಯುನೈಟೆಡ್ ಐರಿಷ್‌ಮೆನ್‌ಗೂ ಇರುವ ದ್ವೇಷವನ್ನು ತಾನು ಹೆಚ್ಚಿಸಲು ಯೋಜಿಸಿರುವುದಾಗಿಯೂ ಉತ್ತರದ ಜಿಲ್ಲೆಗಳ ಭದ್ರತೆ ಆ ದ್ವೇಷದ ಮೇಲೇ ನಿಂತಿರುವುದಾಗಿಯೂ ಪತ್ರ ಬರೆದಿದ್ದಾನೆ. ಸುಮಾರು ತೊಂಬತ್ತು ವರ್ಷಗಳ ನಂತರ, 1886ರಲ್ಲಿ, ಬ್ರಿಟಿಷ್ ಪ್ರಧಾನಿ ಗ್ಲಾಡ್‌ಸ್ಟನ್ ಐರ್ಲೆಂಡಿಗೆ ಸ್ವಯಮಾಡಳಿತ ಕೊಡುವ ಹೋಮ್ ರೂಲ್ ಮಸೂದೆಗೆ ಕೈಹಾಕಿದಾಗ, ಆಡಬೇಕಾದ ಇಸ್ಪೀಟಿನ ಎಲೆ ಆರೆಂಜ್ ಎಲೆಯೇ ಎಂದು ಎದುರು ಪಕ್ಷದ ಮುಖಂಡ ರ‍್ಯಾಂಡಾಲ್ಫ್ ಚರ್ಚಿಲ್ ಪತ್ರದಲ್ಲಿ ಬರೆದು, ಆ ಫೆಬ್ರವರಿಯಲ್ಲಿ ಬೆಲ್‌ಫಾಸ್ಟ್‌ಗೇ ಹೋಗಿ ಅಲ್‌ಸ್ಟರ್ ಹಾಲ್‌ನಲ್ಲಿ ಭಾಷಣ ಮಾಡಿದ. ಬೇರೆ ಬೇರೆ ಕಾಲದ ಇಬ್ಬರು ತಮ್ಮ ಕೈಯಾರೆ ಬರೆದಿಟ್ಟಿರುವಾಗ ಉದ್ದೇಶವನ್ನು ಊಹಿಸಬೇಕಾದ ಅಗತ್ಯ ನಮಗೇನಿದೆ?

ಕೋಟೆಬೀದಿ, ಚಾಮರಾಜಪೇಟೆ

ಮೂವರಿಗೂ ಕೃತಜ್ಞತೆಗಳು. ಮಗಳಿಗೆ ಮಗ್ಗದ ಕಥೆ ಓದಿ ಹೇಳಿದೆ; ಇಲಿ ಕಡಿದ ಹಾಸನ್ನು ಅಜ್ಜಿ ಪೂರ್ತಿ ಸರಿಮಾಡಿದರೇ ಎಂದು ಕೇಳುತ್ತಿದ್ದಾಳೆ. ಸ್ಕಲ್ಲಬೋಗ್ ವಿಷಯವನ್ನು ಇನ್ನೂ ಯಾರೂ ಮುಟ್ಟಿಲ್ಲ. ಸರ್ಕಾರದ ಪಡೆಗಳ ಕ್ರೌರ್ಯವನ್ನು ಹೇಳಿ ಬಂಡಾಯಗಾರರ ಕ್ರೌರ್ಯವನ್ನು ದಾಟಿ ಹೋಗುವುದು ಸರಿಯಲ್ಲವೆಂದು ನನ್ನ ಭಾವನೆ.

ಉತ್ತರ: ಓದುಗಿ, ಮಲ್ಲೇಶ್ವರ

ನೀವು ಕೇಳಿದ್ದು ಸರಿ. 1798ರ ಮೇ ತಿಂಗಳ ಕೊನೆಯ ವಾರದಲ್ಲಿ ಡನ್‌ಲ್ಯಾವಿನ್ ಮತ್ತು ಕಾರ್ನ್ಯೂ ಊರುಗಳಲ್ಲಿ ಸೆರೆಯಲ್ಲಿದ್ದ ಹತ್ತಾರು ಮಂದಿಯನ್ನು ವಿಚಾರಣೆಯಿಲ್ಲದೆ ಸಾಲಾಗಿ ನಿಲ್ಲಿಸಿ ಗುಂಡಿಕ್ಕಿದರು. ಸುದ್ದಿ ಪಕ್ಕದ ವೆಕ್ಸ್‌ಫರ್ಡ್‌ಗೆ ಮುಟ್ಟಿದಾಗ, ಆರೆಂಜಿನವರು ಬಂದು ಕ್ಯಾಥೊಲಿಕರನ್ನೆಲ್ಲ ಕೊಲ್ಲುತ್ತಾರೆಂಬ ಗಾಳಿಮಾತಿಗೆ ಕೈಕಾಲು ಮೂಡಿತು. ಅದುವರೆಗೂ ಭರ್ಜಿಗಳನ್ನು ಸರ್ಕಾರಕ್ಕೆ ಒಪ್ಪಿಸಿ ಎಂದು ಜನರಿಗೆ ಬುದ್ಧಿ ಹೇಳುತ್ತಿದ್ದ ಬೂಲವೋಗ್ ಊರಿನ ಪಾದ್ರಿ ಜಾನ್ ಮರ್ಫಿ ಸ್ವತಃ ಮುಂದಾಳಾಗಿ ನಿಂತ. ಜೂನ್ 5ರಂದು ನ್ಯೂ ರಾಸ್ ಪಟ್ಟಣದ ಮೇಲೆ ಬಂಡಾಯಗಾರರು ಬಿದ್ದು ಸೋತರು, ಸಿಕ್ಕವರನ್ನು ಸೈನಿಕರು ಕೊಲ್ಲುತ್ತಿದ್ದಾರೆಂಬ ಕೂಗು ಹಿಂದಕ್ಕೆ ಓಡಿಬಂತು. ಅದೇ ದಿನ, ಕೆಲವೇ ಮೈಲಿ ಹಿಂದಿದ್ದ ಸ್ಕಲ್ಲಬೋಗ್‌ನಲ್ಲಿ, ಕಾವಲಿದ್ದವರು ಸೆರೆಯಾಳುಗಳಲ್ಲಿ ಕೆಲವರಿಗೆ ಗುಂಡಿಕ್ಕಿ, ಉಳಿದವರಿದ್ದ ಕಣಜದ ಮನೆಗೆ ಬೆಂಕಿಯಿಟ್ಟರು. ನೂರಕ್ಕೂ ಹೆಚ್ಚು ಜನ ಸತ್ತರು, ಹೆಂಗಸರೂ ಮಕ್ಕಳೂ ಇದ್ದರು. ಇದಕ್ಕೆ ಯಾವ ಸಮರ್ಥನೆಯೂ ಇಲ್ಲ. ಆದರೆ ಸತ್ತವರಲ್ಲಿ ಕೆಲವರು ಕ್ಯಾಥೊಲಿಕರು. ಬಂಡಾಯದ ಸೇನಾಪತಿ ಬ್ಯಾಗನಲ್ ಹಾರ್ವಿ ಪ್ರೊಟೆಸ್ಟಂಟ್ ಜಮೀನ್ದಾರ. ವೆಕ್ಸ್‌ಫರ್ಡ್‌ನಲ್ಲಿ ಅತ್ಯಂತ ಹೆಸರು ಕೆಡಿಸಿಕೊಂಡ ಸರ್ಕಾರಿ ಪಡೆಯಾದ ನಾರ್ತ್ ಕಾರ್ಕ್ ಮಿಲಿಷಿಯಾದಲ್ಲಿ ಬಹುಪಾಲು ಸಿಪಾಯಿಗಳು ಕ್ಯಾಥೊಲಿಕರು. ಅದೇ ವಾರ ಉತ್ತರದ ಆಂಟ್ರಿಮ್‌ನಲ್ಲಿ ಬಂಡಾಯ ಹೂಡಿ, ಜುಲೈ 17ರಂದು ಬೆಲ್‌ಫಾಸ್ಟ್‌ನಲ್ಲಿ ನೇಣಿಗೇರಿದ ಹೆನ್ರಿ ಜಾಯ್ ಮೆಕ್‌ಕ್ರ್ಯಾಕನ್ ಪ್ರೆಸ್ಬಿಟೀರಿಯನ್. ಎರಡು ಪಂಗಡಗಳ ಯುದ್ಧ ಎಂದು ಗೆರೆ ಎಳೆಯಹೊರಟರೆ ಗೆರೆ ನೇರವಾಗಿ ಬರುವುದೇ ಇಲ್ಲ. ಆಮೇಲಿನ ನೆನಪಿನಲ್ಲಿ ಮಾತ್ರ ಅದನ್ನು ನೇರವಾಗಿ ಎಳೆದುಬಿಟ್ಟರು: ಪ್ರೊಟೆಸ್ಟಂಟರಿಗೆ 1798 ಎಂದರೆ ಸ್ಕಲ್ಲಬೋಗ್, ಕ್ಯಾಥೊಲಿಕರಿಗೆ ಕಾರ್ನ್ಯೂ.

ವಕೀಲರು 1886ನ್ನು ಎತ್ತಿದ್ದರಿಂದ ಬೆಲ್‌ಫಾಸ್ಟ್ ಬಗ್ಗೆ ಒಂದಿಷ್ಟು ಹೇಳಲೇಬೇಕು. ಲಿನನ್ ಗಿರಣಿಗಳೂ ಹಡಗುಕಟ್ಟೆಗಳೂ ಬೆಳೆದಂತೆ ಹಳ್ಳಿಗಳಿಂದ ಎರಡೂ ಪಂಗಡದ ಬಡವರು ಆ ಊರಿಗೆ ಬಂದು ತುಂಬಿದರು, ಜಗಳವನ್ನೂ ಗಂಟಿನಲ್ಲಿ ಕಟ್ಟಿ ತಂದರು. 1857, 1864, 1872, 1886, ಹೀಗೆ ಗಲಭೆಗಳ ಸಾಲು. ಪ್ರತಿ ಗಲಭೆಯಲ್ಲೂ ಬೆರೆತು ಬಾಳುತ್ತಿದ್ದ ಬೀದಿಗಳಿಂದ ಅಲ್ಪಸಂಖ್ಯಾತರಾದವರನ್ನು, ಅವರು ಯಾವ ಪಂಗಡದವರೇ ಆಗಿರಲಿ, ಮನೆ ಖಾಲಿ ಮಾಡಿಸಿದರು. ಮುಂದಿನ ಗಲಭೆಯ ಹೊತ್ತಿಗೆ ಬೀದಿಗಳು ಇನ್ನಷ್ಟು ಬೇರೆಯಾಗಿರುತ್ತಿದ್ದವು, ಯಾವ ಮೂಲೆಯಲ್ಲಿ ಕಾದು ನಿಂತರೆ ಯಾರು ಸಿಗುತ್ತಾರೆಂದು ಎಲ್ಲರಿಗೂ ತಿಳಿದಿರುತ್ತಿತ್ತು. ಪ್ರೊಟೆಸ್ಟಂಟರ ಶ್ಯಾಂಕಿಲ್ ಮತ್ತು ಕ್ಯಾಥೊಲಿಕರ ಫಾಲ್ಸ್ ಎಂಬ ಎರಡು ರಸ್ತೆಗಳ ಹೆಸರು ಇವತ್ತಿಗೂ ಎರಡು ಪಂಗಡಗಳ ಹೆಸರಿನಂತೆ ಕೇಳುವುದು ಹಾಗೆ ಆದದ್ದು. 1864ರ ಗಲಭೆಯಾದಾಗ ಊರಿನ ಪೊಲೀಸರಲ್ಲಿ ಬೆರಳೆಣಿಕೆಯವರನ್ನು ಬಿಟ್ಟರೆ ಎಲ್ಲರೂ ಪ್ರೊಟೆಸ್ಟಂಟರು. ಮರುವರ್ಷ ಆ ಪಡೆಯನ್ನೇ ರದ್ದುಮಾಡಿ ಡಬ್ಲಿನ್ನಿನಿಂದ ನಡೆಯುವ ಕಾನ್‌ಸ್ಟಾಬ್ಯುಲರಿ ಎಂಬ ಪೊಲೀಸ್ ಪಡೆಯನ್ನು ತಂದರು. 1886ರಲ್ಲಿ ಈ ಹೊಸ ಪಡೆಯೇ ಕ್ಯಾಥೊಲಿಕರ ಪಡೆಯೆಂದು ಶ್ಯಾಂಕಿಲ್‌ನವರು ಅದರ ಮೇಲೆ ಕಲ್ಲೆಸೆದರು.

1886ರದು ಶುರುವಾದ ಬಗೆ ಕೇಳಿ. ಜೂನ್ ಮೊದಲ ವಾರ, ಬಂದರಿನಲ್ಲಿ ಮಣ್ಣು ತೋಡುವ ಕೂಲಿಗಳ ನಡುವೆ ಮಾತಿಗೆ ಮಾತು ಬೆಳೆದು, ಹೋಮ್ ರೂಲ್ ಬಂದರೆ ನಿನ್ನಂಥವನಿಗೆ ಇಲ್ಲಿ ರೊಟ್ಟಿ ಹುಟ್ಟುವುದಿಲ್ಲ ಎಂದು ಕ್ಯಾಥೊಲಿಕನೊಬ್ಬ ಪ್ರೊಟೆಸ್ಟಂಟನಿಗೆ ಅಂದನಂತೆ. ಮರುದಿನ ಹಡಗುಕಟ್ಟೆಯ ನೂರಾರು ಕೆಲಸಗಾರರು ಆ ಕೂಲಿಗಳ ಮೇಲೆ ಬಿದ್ದರು, ತಪ್ಪಿಸಿಕೊಳ್ಳಲು ನೀರಿಗೆ ಹಾರಿದ ಹುಡುಗನೊಬ್ಬ ಮುಳುಗಿ ಸತ್ತ. ಜೂನ್ 8ರಂದು ಮಸೂದೆ 30 ಮತಗಳಿಂದ ಬಿದ್ದುಹೋಯಿತು, ಅಂದರೆ ಭಯಪಟ್ಟಿದ್ದು ಆಗಲೇ ಇಲ್ಲ, ಆದರೂ ಗಲಭೆ ಸೆಪ್ಟೆಂಬರಿನವರೆಗೆ ನಡೆದು ಸರ್ಕಾರಿ ಲೆಕ್ಕದಲ್ಲೇ ಮೂವತ್ತರಷ್ಟು ಜನ ಸತ್ತರು. ಕನ್ನಡದಲ್ಲೇ ಬರೆಯಿರಿ ಎಂದು 1924ರಲ್ಲಿ ಮೈಸೂರಿನಲ್ಲಿ ಯುವಕ ಕುವೆಂಪು ಅವರಿಗೆ ಹೇಳಿದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಹುಟ್ಟಿದ್ದು ಇದೇ ಬೆಲ್‌ಫಾಸ್ಟ್‌ನ ಪ್ರೊಟೆಸ್ಟಂಟ್ ಕುಟುಂಬದಲ್ಲಿ, 1873ರಲ್ಲಿ. ಆ ಬೇಸಿಗೆಯ ಗಲಭೆಯ ಕಾಲಕ್ಕೆ ಅವರಿಗೆ ಹದಿಮೂರರ ಆಸುಪಾಸು.

ಐರ್ಲೆಂಡಿನ ಬಹುಭಾಗದಲ್ಲಿ ಬ್ರಿಟಿಷರ ಆಳ್ವಿಕೆ ಮುಗಿಯುವ ಹೊತ್ತಿಗೂ ಬೆಲ್‌ಫಾಸ್ಟ್‌ನಲ್ಲಿ ಅದೇ ಕಥೆ. 1920ರ ಜುಲೈ 21ರಂದು ಹಡಗುಕಟ್ಟೆಗಳಿಂದ ಕ್ಯಾಥೊಲಿಕ್ ಕೆಲಸಗಾರರನ್ನು ಹೊಡೆದು ಓಡಿಸಿದರು, ಹಡಗಿನ ತಗಡು ಜೋಡಿಸುವ ಕಬ್ಬಿಣದ ಮೊಳೆಗಳನ್ನೇ ಬೀಸಿ ಎಸೆದರು. ಅವರ ಜೊತೆಗೆ ಕಾರ್ಮಿಕ ಸಂಘದಲ್ಲಿದ್ದ ಪ್ರೊಟೆಸ್ಟಂಟರನ್ನೂ ‘ಕೊಳೆತ ಪ್ರೊಟೆಸ್ಟಂಟರು’ ಎಂದು ಹೊರಹಾಕಿದರು. ಕೂಲಿ ಹೆಚ್ಚಿಸಿ ಎಂದು ಒಟ್ಟಿಗೆ ಕೇಳಬಲ್ಲವರು ಇವರೇ ಆಗಿದ್ದರು. ಇದನ್ನು ಓದಿದಾಗ ನನಗೆ 1784ರ ಆರ್ಮಾದ ಬೆರಕೆ ಗುಂಪುಗಳು ಸೋಸಿ ಬೇರೆಯಾದದ್ದೇ ಕಣ್ಣೆದುರು ಬರುತ್ತದೆ.

ನಿವೃತ್ತ ಮೇಷ್ಟ್ರು, ಬಸವನಗುಡಿ

ವಕೀಲರ ಮಾತಿಗೆ ನನ್ನ ಉತ್ತರ ಚಿಕ್ಕದು. ನಾಕ್ಸನ ಪತ್ರವನ್ನೂ ಚರ್ಚಿಲ್ಲನ ಪತ್ರವನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ಅದೇ ಸರ್ಕಾರ ಬೇರೆ ಸಂದರ್ಭಗಳಲ್ಲಿ ಆರೆಂಜ್ ಸಂಘವನ್ನು ಹತ್ತಿಕ್ಕಿತು. ನಾಲ್ಕನೇ ಮೈಸೂರು ಯುದ್ಧ ನಡೆಸಿದ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿ ಮುಂದೆ ಐರ್ಲೆಂಡಿನ ಲಾರ್ಡ್ ಲೆಫ್ಟಿನೆಂಟ್ ಆಗಿ, ಡಬ್ಲಿನ್ನಿನಲ್ಲಿದ್ದ ವಿಲಿಯಂ ದೊರೆಯ ಪ್ರತಿಮೆಗೆ ಹೂಮಾಲೆ ಹಾಕಿ ಮೆರೆಸುವುದನ್ನು ತಡೆದ. 1822ರ ಡಿಸೆಂಬರಿನಲ್ಲಿ ಅವನು ನಾಟಕಕ್ಕೆ ಹೋದಾಗ ಆರೆಂಜಿನವರು ಅವನತ್ತ ಬಾಟಲಿ ಎಸೆದರು. 1825ರಲ್ಲಿ ಆ ಸಂಘಕ್ಕೂ ಅನ್ವಯಿಸುವ ನಿಷೇಧ ಬಂತು, 1850ರಲ್ಲಿ ಪಂಗಡಗಳ ಮೆರವಣಿಗೆಗೇ ನಿಷೇಧ ಬಂತು. ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಊರನ್ನು ವಹಿಸಿಕೊಂಡ ಅವನ ತಮ್ಮ ಆರ್ಥರ್ 1829ರಲ್ಲಿ ಪ್ರಧಾನಿಯಾಗಿದ್ದಾಗ ಕ್ಯಾಥೊಲಿಕರಿಗೆ ಸಂಸತ್ತಿನ ಬಾಗಿಲು ತೆರೆದ, ಕ್ಯಾಥೊಲಿಕ್ ನಾಯಕ ಡೇನಿಯಲ್ ಓಕಾನೆಲ್ ತಿಂಗಳಿಗೊಂದು ಪೆನ್ನಿಯಂತೆ ಬಡವರಿಂದ ಕೂಡಿಸಿ ಕಟ್ಟಿದ ಚಳವಳಿಗೆ ಹೆದರಿ. ಅದೇ ಉಸಿರಿನಲ್ಲಿ ಮತದಾನಕ್ಕೆ ಬೇಕಾದ ಆಸ್ತಿಯ ಅರ್ಹತೆಯನ್ನು 40 ಶಿಲ್ಲಿಂಗಿನಿಂದ, ಅಂದರೆ 2 ಪೌಂಡಿನಿಂದ, 10 ಪೌಂಡಿಗೆ ಏರಿಸಿ, ಆ ಪೆನ್ನಿ ಕೊಟ್ಟವರಿಗೆ ಅಷ್ಟರಲ್ಲಿ ಮರಳಿ ಸಿಕ್ಕಿದ್ದ ಮತವನ್ನು ಕಿತ್ತುಕೊಂಡ. ಎರಡು ಲಕ್ಷಕ್ಕೂ ಮಿಕ್ಕಿದ್ದ ಮತದಾರರು 40 ಸಾವಿರಕ್ಕಿಂತ ಕಡಿಮೆಯಾದರು. ಬೇಕಾದಾಗ ದ್ವೇಷವನ್ನು ಬಳಸಿಕೊಂಡರು, ಬೇಡವಾದಾಗ ಲಾಠಿ ಬೀಸಿದರು. ಅದು ಬೇರುಬಿಟ್ಟಿದ್ದ ನೆಲದ ವ್ಯವಸ್ಥೆಗೆ ಮಾತ್ರ ಬಹುಕಾಲ ಕೈಹಚ್ಚಲಿಲ್ಲ. ನನ್ನ ಆಕ್ಷೇಪ ಆ ಮೂರನೆಯದರ ಬಗ್ಗೆ.

ಕೋಟೆಬೀದಿ, ಚಾಮರಾಜಪೇಟೆ

ಮಗ್ಗದ ಮನೆಯವರಿಗೆ ಒಂದು ಕೊನೆಯ ಪ್ರಶ್ನೆ, ಇದು ಮಗಳದು. ಮಗ್ಗ ಮುರಿಸಿಕೊಂಡು ಪಶ್ಚಿಮಕ್ಕೆ ಹೋದವರು ಅಲ್ಲಿ ಏನಾದರು?

ಉತ್ತರ: ಮಗ್ಗದ ಮನೆ, ಕಬ್ಬನ್‌ಪೇಟೆ

ಅಜ್ಜಿ ಆ ಹಾಸನ್ನು ಪೂರ್ತಿ ಸರಿಮಾಡಿದರು ಎಂದು ಮೊದಲು ಮಗುವಿಗೆ ಹೇಳಿ. ಗಂಟುಗಳು ಸೀರೆಯ ಒಳಮೈಗೆ ಬಂದವು, ವ್ಯಾಪಾರಿ ಸ್ವಲ್ಪ ಬೆಲೆ ಮುರಿದುಕೊಂಡ.

ಆರ್ಮಾದಿಂದ ಹೋದವರಲ್ಲಿ ಸುಮಾರು 4,000 ಮಂದಿ ಕಾನಾಕ್ಟ್‌ನ ಮೇಯೋ ಜಿಲ್ಲೆಗೆ ಬಂದರು. ಅಲ್ಲಿ ವೆಸ್ಟ್‌ಪೋರ್ಟ್ ಪಟ್ಟಣದ ಪ್ರೊಟೆಸ್ಟಂಟ್ ಜಮೀನ್ದಾರ ಲಾರ್ಡ್ ಅಲ್ಟಮಾಂಟ್ ಅವರಿಗೆ ನೆಲೆ ಕೊಟ್ಟು, ಬಂದವರ ಸ್ಥಿತಿಯ ಬಗ್ಗೆ ಡಬ್ಲಿನ್ನಿನ ಸರ್ಕಾರಕ್ಕೆ ಬರೆದ. ಅವನ ಮನೆತನ ಆ ಊರಿನಲ್ಲಿ ಲಿನನ್ ನೇಯ್ಗೆಯನ್ನು ಬೆಳೆಸಲು ಮೊದಲಿನಿಂದಲೂ ಯತ್ನಿಸುತ್ತಿತ್ತು, ಆದ್ದರಿಂದ ಕೈಕಸುಬಿನವರು ತಾವಾಗಿ ಬಂದದ್ದು ಅವನಿಗೂ ಬೇಕಾದದ್ದೇ. ಹೊಸ ಮಗ್ಗಗಳು ನಿಂತವು. ಆರ್ಮಾದಲ್ಲಿ ಕಂಡದ್ದನ್ನು, ಡಿಫೆಂಡರ್ ಪ್ರಮಾಣವಚನವನ್ನು ಅವರು ಜೊತೆಯಲ್ಲೇ ತಂದಿದ್ದರು, ಅದೂ ಹರಡಿತು.

1798ರ ಆಗಸ್ಟ್ 22ರಂದು, ವೆಕ್ಸ್‌ಫರ್ಡ್ ಬಂಡಾಯ ಮುಗಿದು ಎರಡು ತಿಂಗಳಾದ ಮೇಲೆ, ಸುಮಾರು ಸಾವಿರ ಫ್ರೆಂಚ್ ಸೈನಿಕರೊಂದಿಗೆ ಜನರಲ್ ಉಂಬೇರ್ ಬಂದಿಳಿದದ್ದು ಇದೇ ಮೇಯೋ ಜಿಲ್ಲೆಯ ಕಿಲಾಲಾ ಕೊಲ್ಲಿಯಲ್ಲಿ. ಸಾವಿರಾರು ಬಡವರು ಅವನನ್ನು ಸೇರಿಕೊಂಡರು. ಅವರೆಲ್ಲ ಕ್ಯಾಸಲ್‌ಬಾರ್ ಪಟ್ಟಣ ಗೆದ್ದು ಪೂರ್ವಕ್ಕೆ ನಡೆದಾಗ, ದೊಡ್ಡ ಸೈನ್ಯ ಕಟ್ಟಿಕೊಂಡು ಎದುರಿಗೆ ಬಂದವನು ನಿಮ್ಮ ಮಗಳು ಕೇಳಿದ ಕಾರ್ನ್‌ವಾಲಿಸ್. ಸೆಪ್ಟೆಂಬರ್ 8ರಂದು ಬ್ಯಾಲಿನಮಕ್ ಎಂಬ ಹಳ್ಳಿಯ ಬಳಿ ಫ್ರೆಂಚರು ಆಯುಧ ಕೆಳಗಿಟ್ಟರು. ಅವರನ್ನು ಯುದ್ಧಕೈದಿಗಳೆಂದು ಮರ್ಯಾದೆಯಿಂದ ಡಬ್ಲಿನ್ನಿಗೆ ಕಳುಹಿಸಿದರು. ಅವರ ಜೊತೆಯಲ್ಲಿದ್ದ ಐರಿಷರನ್ನು ಸುತ್ತಲ ಜೌಗುನೆಲದಲ್ಲಿ ಅಟ್ಟಿಸಿಕೊಂಡು ಹೋಗಿ ಕೊಂದರು.